ಅರ್ಹತೆಗೂ ಮೊದಲಿನ ಜಯಕಾರ: ಮಕ್ಕಳ ಚಿಯರ್‌ಲೀಡಿಂಗ್ ಮತ್ತು ಕೃಪೆಯ ಪ್ರಶ್ನೆ

ಮೆಚ್ಚುಗೆಯು ಗಳಿಸಿಕೊಳ್ಳಬೇಕಾದ ವಸ್ತುವೋ, ಗಳಿಕೆಗೆ ಮುಂಚೆಯೇ ಸಲ್ಲಬೇಕಾದುದೋ ಎಂಬ ಪ್ರಶ್ನೆ ಧರ್ಮಚಿಂತನೆಯಲ್ಲಿ ಬಹು ಹಳೆಯದು. ದೇವರ ಕೃಪೆ ಮನುಷ್ಯನ ಪ್ರಯತ್ನಕ್ಕೆ ಪ್ರತಿಫಲವಾಗಿ ಬರುತ್ತದೆಯೋ, ಇಲ್ಲವೇ ಪ್ರಯತ್ನಕ್ಕೂ ಮೊದಲೇ ಬಂದು ಆ ಪ್ರಯತ್ನವನ್ನೇ ಸಾಧ್ಯವಾಗಿಸುತ್ತದೆಯೋ ಎಂಬ ರೂಪದಲ್ಲಿ ಅದು ಕ್ರೈಸ್ತರನ್ನೂ ಶ್ರೀವೈಷ್ಣವರನ್ನೂ ಶತಮಾನಗಳ ಕಾಲ ಕಾಡಿದೆ. ಅದೇ ಪ್ರಶ್ನೆ ಇಂದು ಅಮೆರಿಕದ ಸಣ್ಣ ಊರುಗಳ ಸಮುದಾಯ ಭವನಗಳಲ್ಲಿ, ಇಪ್ಪತ್ತರ ಆಸುಪಾಸಿನ ತರುಣಿಯೊಬ್ಬಳು ನೆರೆಹೊರೆಯ ಮಕ್ಕಳನ್ನು ಸೇರಿಸಿ ಹವ್ಯಾಸಿ ಚಿಯರ್‌ಲೀಡಿಂಗ್ ತಂಡ ಕಟ್ಟಲು ಹೊರಟಾಗ, ಯಾರೂ ಅದನ್ನು ಆ ಹೆಸರಿನಿಂದ ಕರೆಯದಿದ್ದರೂ, ಎದುರಾಗುತ್ತದೆ. ಬಂದ ಮಕ್ಕಳನ್ನೆಲ್ಲ ಸೇರಿಸಿಕೊಳ್ಳುವುದೇ, ಪರೀಕ್ಷಿಸಿ ಆರಿಸಿಕೊಳ್ಳುವುದೇ ಎಂಬುದು ಅವಳ ಮೊದಲ ನಿರ್ಧಾರವಾಗಿರುತ್ತದೆ. ಆ ನಿರ್ಧಾರದ ಹಿಂದೆ ಮನುಷ್ಯನ ಬೆಲೆಯನ್ನು ಕುರಿತ ಒಂದು ಸಿದ್ಧಾಂತ ಇದ್ದೇ ಇರುತ್ತದೆ.

ಕನ್ನಡದ ಓದುಗರಲ್ಲಿ ಬಹುಮಂದಿಗೆ ಚಿಯರ್‌ಲೀಡರ್ ಎಂದೊಡನೆ ನೆನಪಾಗುವುದು 2008ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರಂಭವಾದ ಐಪಿಎಲ್ ಪಂದ್ಯಾವಳಿಯ, ಬೌಂಡರಿ ಬಿದ್ದಾಗಲೆಲ್ಲ ಕುಣಿಯುತ್ತಿದ್ದ ವೃತ್ತಿಪರ ನರ್ತಕಿಯರು. ಇಲ್ಲಿ ವಿಚಾರಿಸುತ್ತಿರುವುದು ಅದನ್ನಲ್ಲ. ಅಮೆರಿಕದಲ್ಲಿ ಚಿಯರ್‌ಲೀಡಿಂಗ್ ಎಂಬುದು ಶಾಲೆಯ ತಂಡಗಳಲ್ಲಿ, ಸ್ಪರ್ಧೆಗೆಂದೇ ಖಾಸಗಿ ಜಿಮ್‌ಗಳು ನಡೆಸುವ ‘ಆಲ್ ಸ್ಟಾರ್’ ತಂಡಗಳಲ್ಲಿ ಮತ್ತು ನಗರಸಭೆಯ ಉದ್ಯಾನ ಇಲಾಖೆ, ಚರ್ಚು ಅಥವಾ ಮಕ್ಕಳ ಫುಟ್‌ಬಾಲ್ ಸಂಘದ ಆಶ್ರಯದಲ್ಲಿ ನಡೆಯುವ ಹವ್ಯಾಸಿ ತಂಡಗಳಲ್ಲಿ ಬೇರೆ ಬೇರೆ ರೂಪ ತಳೆದಿದೆ. ಮೊದಲಿನ ಎರಡಕ್ಕೂ ಸಾಮಾನ್ಯವಾಗಿ ‘ಟ್ರೈಔಟ್’ ಎಂಬ ಆಯ್ಕೆ ಪರೀಕ್ಷೆ ಉಂಟು. ಆಲ್ ಸ್ಟಾರ್ ತಂಡದಲ್ಲಂತೂ ಒಂದು ಮಗುವಿಗೆ ವರ್ಷಕ್ಕೆ ಸಾವಿರಾರು ಡಾಲರ್ ಖರ್ಚಾಗುವುದು ಅಪರೂಪವಲ್ಲ. ಹವ್ಯಾಸಿ ತಂಡದಲ್ಲಿ ಬಹುಮಟ್ಟಿಗೆ ಹೆಸರು ನೋಂದಾಯಿಸಿದವರೆಲ್ಲರಿಗೂ ಜಾಗವಿರುತ್ತದೆ. ಐದಾರು ವರ್ಷದವರಿಂದ ಹದಿಮೂರು ಹದಿನಾಲ್ಕು ವರ್ಷದವರವರೆಗೆ ಮಕ್ಕಳು ಶರತ್ಕಾಲದ ಫುಟ್‌ಬಾಲ್ ಋತುವಿನಲ್ಲಿ ವಾರದ ಕೆಲವು ಸಂಜೆ ಅಭ್ಯಾಸಕ್ಕೆ ಬರುತ್ತಾರೆ, ಶನಿವಾರ ಮೈದಾನದ ಅಂಚಿನಲ್ಲಿ ನಿಂತು ತಮ್ಮ ಊರಿನ ಹುಡುಗರ ತಂಡವನ್ನು ಹುರಿದುಂಬಿಸುತ್ತಾರೆ.

ಈ ಕಲೆ ಹುಟ್ಟಿದ್ದೇ ಸೋಲುತ್ತಿದ್ದ ತಂಡವೊಂದರ ಬೆಂಬಲಕ್ಕಾಗಿ ಎಂಬುದು ಗಮನಿಸಬೇಕಾದ ಸಂಗತಿ. 1898ರ ನವೆಂಬರ್ 2ರಂದು ಮಿನೆಸೋಟಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಅವರ ಕೂಗನ್ನು ಒಂದು ಲಯಕ್ಕೆ ತಂದನು. ಸತತವಾಗಿ ಸೋತು ಬಂದಿದ್ದ ತಂಡಕ್ಕೆ ಧೈರ್ಯ ತುಂಬುವುದು ಅದರ ಉದ್ದೇಶವಾಗಿತ್ತು. ಆರಂಭದಲ್ಲಿ ಗಂಡಸರದೇ ಆಗಿದ್ದ ಈ ಕೆಲಸಕ್ಕೆ 1920ರ ದಶಕದಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಹೆಂಗಸರೂ ಸೇರಿದರು, ಎರಡನೆಯ ಮಹಾಯುದ್ಧದ ಹೊತ್ತಿಗೆ ಅವರೇ ಬಹುಸಂಖ್ಯಾತರಾದರು. 1948ರಲ್ಲಿ ಲಾರೆನ್ಸ್ ಹರ್ಕಿಮರ್ ತರಬೇತಿ ಶಿಬಿರಗಳನ್ನು ಆರಂಭಿಸಿದ ಮೇಲೆ ಕಸರತ್ತೂ ನೃತ್ಯವೂ ಕೂಡಿಕೊಂಡು, ಇತರರನ್ನು ಹುರಿದುಂಬಿಸುತ್ತಿದ್ದವರು ತಾವೇ ಸ್ಪರ್ಧಿಗಳಾದರು. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಕ್ರೀಡೆಯ ಜಾಗತಿಕ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ನೀಡಿತು. ಸ್ಪರ್ಧೆಯ ಈ ಭರಾಟೆಯಲ್ಲಿ, ಗೆದ್ದವರಿಗೆ ಮಾತ್ರವಲ್ಲದೆ ಸೋಲುವವರಿಗೂ ಜಯಕಾರ ಸಲ್ಲಬೇಕೆಂಬ ಮೂಲದ ಆಶಯವನ್ನು ಉಳಿಸಿಕೊಂಡು ಬಂದಿರುವುದು ಬಹುಮಟ್ಟಿಗೆ ಹವ್ಯಾಸಿ ತಂಡಗಳೇ.

ಗುಂಪಿನ ಕೂಗನ್ನು ಧರ್ಮಚಿಂತಕರು ಯಾವಾಗಲೂ ಆದರದಿಂದ ಕಂಡವರಲ್ಲ, ಅವರ ಅನುಮಾನ ಹಗುರವಾದುದೂ ಅಲ್ಲ. ಸುಮಾರು ಕ್ರಿ.ಶ. 200ರ ವೇಳೆಗೆ ಉತ್ತರ ಆಫ್ರಿಕದ ಕ್ರೈಸ್ತ ಲೇಖಕ ಟೆರ್ಟುಲಿಯನ್ ರೋಮನ್ ಪ್ರದರ್ಶನಗಳನ್ನು ಖಂಡಿಸಿ ಪ್ರತ್ಯೇಕ ಗ್ರಂಥವನ್ನೇ ಬರೆದನು. ಸಂತ ಆಗಸ್ಟೀನನು ತನ್ನ ಆತ್ಮನಿವೇದನೆಯ ಆರನೆಯ ಭಾಗದಲ್ಲಿ ಗೆಳೆಯ ಅಲಿಪಿಯಸನ ಪ್ರಸಂಗವನ್ನು ಹೇಳುತ್ತಾನೆ: ಖಡ್ಗಮಲ್ಲರ ಕಾಳಗಕ್ಕೆ ಗೆಳೆಯರ ಬಲವಂತದಿಂದ ಹೋದ ಅಲಿಪಿಯಸನು ಏನನ್ನೂ ನೋಡಬಾರದೆಂದು ಕಣ್ಣು ಮುಚ್ಚಿ ಕುಳಿತಿದ್ದನು, ಆದರೆ ಕಿವಿಯನ್ನು ಮುಚ್ಚಿಕೊಂಡಿರಲಿಲ್ಲ; ಜನರ ಆರ್ಭಟ ಕಿವಿಗೆ ಬಿದ್ದೊಡನೆ ಕಣ್ಣು ತೆರೆದನು, ಆ ಕ್ಷಣದಿಂದ ಅವನು ಬಂದಾಗಿನ ಮನುಷ್ಯನಾಗಿ ಉಳಿಯಲಿಲ್ಲ, ಆ ಗುಂಪಿನವನೇ ಆಗಿಬಿಟ್ಟನು. ಕಣ್ಣಿಗಿಂತ ಕಿವಿಯೇ ಮನುಷ್ಯನನ್ನು ಗುಂಪಿಗೆ ಬೇಗ ಒಪ್ಪಿಸುತ್ತದೆ ಎಂಬ ಈ ಸೂಕ್ಷ್ಮವನ್ನು ಚಿಯರ್‌ಲೀಡಿಂಗ್ ಕಲಿಸುವ ಯಾರೂ ಮರೆಯುವಂತಿಲ್ಲ. ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರ ತನ್ನ ಗ್ರಂಥದಲ್ಲಿ ಇದೇ ಅನುಭವವನ್ನು ಇನ್ನೊಂದು ಬದಿಯಿಂದ ನೋಡಿ, ಜನ ಒಟ್ಟುಗೂಡಿದಾಗ ಉಕ್ಕುವ ಸಾಮೂಹಿಕ ಆವೇಶದಲ್ಲಿಯೇ ಧರ್ಮದ ಬೇರು ಇದೆ ಎಂದು ವಾದಿಸಿದನು. ಆಗಸ್ಟೀನನೂ ಡರ್ಕೈಮನೂ ಕಂಡದ್ದು ಒಂದೇ ಶಕ್ತಿಯನ್ನು. ಆ ಶಕ್ತಿಯನ್ನು ಯಾರ ಮೇಲೆ, ಯಾತಕ್ಕಾಗಿ ಹರಿಸಲಾಗುತ್ತಿದೆ ಎಂಬುದರಿಂದಲೇ ಅದರ ಗುಣ ತೀರ್ಮಾನವಾಗಬೇಕು. ಅಖಾಡದ ಕೂಗು ಒಬ್ಬನ ಸಾವನ್ನು ಬೇಡುತ್ತಿತ್ತು. ಆರು ವರ್ಷದ ಮಕ್ಕಳು ಎಂಟು ಎಣಿಕೆಯ ಲಯದಲ್ಲಿ ತಮ್ಮೂರಿನ ಹೆಸರು ಹೇಳಿ ಕೂಗುವಾಗ ಅಂಥದ್ದೇನನ್ನೂ ಬೇಡುವುದಿಲ್ಲ. ಹಾಗೆಂದು ಎದುರು ತಂಡವನ್ನು ಹೀಗಳೆಯುವ ಕೂಗುಗಳನ್ನು ಕಲಿಸಕೂಡದೆಂಬ ನಿಯಮವನ್ನು ಬರಿಯ ಶಿಷ್ಟಾಚಾರವೆಂದು ತಳ್ಳಿಹಾಕಲಾಗದು. ಅಲಿಪಿಯಸನಿಗೆ ಆದದ್ದು ಮಕ್ಕಳಿಗೆ ಆಗದಂತೆ ನೋಡಿಕೊಳ್ಳುವ ಕಾವಲು ಅದು.

ಇನ್ನು ಮುಖ್ಯ ಪ್ರಶ್ನೆಗೆ ಬರಬಹುದು. ಐದನೆಯ ಶತಮಾನದ ಆರಂಭದಲ್ಲಿ ಪೆಲಾಜಿಯಸ್ ಎಂಬ ಸಂನ್ಯಾಸಿ, ಮನುಷ್ಯನು ತನ್ನ ಸ್ವಂತ ಸಂಕಲ್ಪದಿಂದ ಒಳ್ಳೆಯವನಾಗಬಲ್ಲನೆಂದು ಬೋಧಿಸಿದನು. ಆಗಸ್ಟೀನನು ಅದನ್ನು ವಿರೋಧಿಸಿ, ಒಳಿತಿನ ಕಡೆಗೆ ಮನಸ್ಸು ಹೊರಳುವುದು ಕೂಡ ಕೃಪೆಯಿಂದಲೇ ಎಂದನು. 418ರ ಕಾರ್ಥೇಜ್ ಸಭೆ ಪೆಲಾಜಿಯಸನ ಮತವನ್ನು ತಿರಸ್ಕರಿಸಿತು. ಇದಕ್ಕೆ ಸಮಾನವಾದ, ಆದರೆ ಇನ್ನಷ್ಟು ನಯವಾದ ಚರ್ಚೆ ರಾಮಾನುಜರ ನಂತರದ ಶ್ರೀವೈಷ್ಣವದಲ್ಲಿ ನಡೆಯಿತು. ಪಿಳ್ಳೈ ಲೋಕಾಚಾರ್ಯರ ಪರಂಪರೆಯಾದ ತೆಂಗಲೆಯವರು ಭಗವಂತನ ಕೃಪೆ ನಿರ್ಹೇತುಕ, ಅಂದರೆ ಜೀವನ ಕಡೆಯಿಂದ ಯಾವ ಕಾರಣವನ್ನೂ ಅಪೇಕ್ಷಿಸದ್ದು ಎಂದರು. ವೇದಾಂತ ದೇಶಿಕರನ್ನು ಅನುಸರಿಸುವ ವಡಗಲೆಯವರು ಅದನ್ನು ಸಹೇತುಕವೆಂದು ಕರೆದು, ಜೀವನು ಅಲ್ಪವಾದರೂ ಏನಾದರೊಂದನ್ನು ಮಾಡಿರಬೇಕು ಎಂದರು. ಶ್ರೀರಂಗದ ಮೇಲೆ ದಾಳಿಯಾದಾಗ ದೇಶಿಕರು ಕೊಳ್ಳೇಗಾಲದ ಸಮೀಪದ ಸತ್ಯಾಗಾಲದಲ್ಲಿ ಆಶ್ರಯ ಪಡೆದರೆಂದು ಸಂಪ್ರದಾಯ ಹೇಳುವುದರಿಂದ ಈ ವಾದ ಕನ್ನಡ ನೆಲಕ್ಕೆ ದೂರದ್ದಲ್ಲ. ಎರಡು ಮತಗಳನ್ನೂ ಹೇಳಲು ಬಳಕೆಯಲ್ಲಿರುವ ದೃಷ್ಟಾಂತಗಳು ಮಾರ್ಜಾಲಕಿಶೋರ ಮತ್ತು ಮರ್ಕಟಕಿಶೋರ ನ್ಯಾಯಗಳು: ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ, ಮರಿ ಏನನ್ನೂ ಮಾಡಬೇಕಿಲ್ಲ, ಕೋತಿಯ ಮರಿಯಾದರೋ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದಿರಬೇಕು.

ಈ ಎರಡೂ ನ್ಯಾಯಗಳು ಎತ್ತಿಕೊಂಡು ಹೋಗುವುದನ್ನು ಕುರಿತವು. ಚಿಯರ್‌ಲೀಡಿಂಗಿನ ಹೃದಯವೂ ಎತ್ತುವುದೇ. ‘ಸ್ಟಂಟ್’ ಎಂದು ಕರೆಯುವ ಎತ್ತುವಿಕೆಯಲ್ಲಿ ಸಾಮಾನ್ಯವಾಗಿ ನಾಲ್ವರಿರುತ್ತಾರೆ: ಮೇಲೆ ನಿಲ್ಲುವವಳು ಫ್ಲೈಯರ್, ಎದುರುಬದುರಾಗಿ ನಿಂತು ಅವಳ ಒಂದೊಂದು ಪಾದವನ್ನು ಹಿಡಿಯುವ ಇಬ್ಬರು ಬೇಸ್‌ಗಳು, ಹಿಂದೆ ನಿಂತು ಅವಳ ಕಣಕಾಲುಗಳಿಗೆ ಆಸರೆ ಕೊಡುವ ಬ್ಯಾಕ್ ಸ್ಪಾಟ್. ಭುಜದೆತ್ತರದ ಸ್ಟಂಟಿಗೆ ‘ಪ್ರೆಪ್’ ಎಂದು ಹೆಸರು. ಬೇಸ್‌ಗಳು ಕಾಲುಗಳನ್ನು ಭುಜದಗಲಕ್ಕೆ ಊರಿ, ಮೊಣಕಾಲು ಬಗ್ಗಿಸಿ, ಒಂದು ಕೈಯನ್ನು ಫ್ಲೈಯರಳ ಹಿಮ್ಮಡಿಯ ಅಡಿಗೂ ಇನ್ನೊಂದನ್ನು ಬೆರಳುಗಳ ಅಡಿಗೂ ಕೊಡುತ್ತಾರೆ. ಬ್ಯಾಕ್ ಸ್ಪಾಟ್ ಎಣಿಕೆ ಹೇಳುತ್ತಾಳೆ. ಬೆನ್ನಿನ ಬಲದಿಂದಲ್ಲ, ತೊಡೆಗಳ ಬಲದಿಂದ ಇಬ್ಬರೂ ಒಂದೇ ಕ್ಷಣದಲ್ಲಿ ಎದ್ದಾಗ ಮೇಲಿನವಳ ಪಾದಗಳು ಅವರ ಭುಜದ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಹೊರಗಿನಿಂದ ನೋಡುವವರಿಗೆ ಇದು ಬೆಕ್ಕಿನ ಮರಿಯ ಸ್ಥಿತಿ, ಹೊರುವವರದೇ ಎಲ್ಲ ಶ್ರಮ ಎನಿಸುತ್ತದೆ. ಆದರೆ ಮೊದಲ ದಿನವೇ ಕಲಿಸುವ ಪಾಠ ಬೇರೆ. ಮೇಲಿನ ಮಗು ಮೈ ಸಡಿಲ ಬಿಟ್ಟರೆ, ಹೆದರಿ ಸೊಂಟ ಬಗ್ಗಿಸಿದರೆ, ಕೆಳಗೆ ನೋಡಿದರೆ ಅವಳ ಭಾರ ಪಾದದ ಮೇಲೆ ನಿಲ್ಲದೆ ಅತ್ತಿತ್ತ ಹೊಯ್ದಾಡಿ, ಗಟ್ಟಿಮುಟ್ಟಾದ ಬೇಸ್‌ಗಳೂ ಹಿಡಿದಿಡಲಾರರು. ಕಾಲುಗಳನ್ನು ಬಿಗಿದು, ಹೊಟ್ಟೆಯನ್ನು ಒಳಗೆಳೆದುಕೊಂಡು, ಕಂಬದಂತೆ ನೇರವಾಗಿ ನಿಂತು ಎದುರಿಗೆ ನೋಡಿದಾಗ ಮಾತ್ರ ಅದೇ ಮಗು ಹಗುರವಾಗುತ್ತಾಳೆ. ಹಾಗೆಂದು ಅವಳ ಬಿಗಿತವು ಅವಳನ್ನು ನೆಲದಿಂದ ಒಂದು ಅಂಗುಲವೂ ಎತ್ತಲಾರದು. ಎತ್ತುವುದು ಪೂರ್ತಿಯಾಗಿ ಇತರರದು, ಎತ್ತಿಸಿಕೊಳ್ಳಲು ತಕ್ಕಂತೆ ನಿಲ್ಲುವುದು ಪೂರ್ತಿಯಾಗಿ ಅವಳದು. ಒಂದರ ಪಾಲು ಹೆಚ್ಚಿದಷ್ಟೂ ಇನ್ನೊಂದರದು ಕಡಿಮೆಯಾಗುತ್ತದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡು ಪರಂಪರೆಗಳ ವಿವಾದದಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆನಿಸುವುದಕ್ಕೆ ಕಾರಣ, ಪ್ರಯತ್ನವನ್ನೂ ಕೃಪೆಯನ್ನೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವುದು.

ವಡಗಲೆಯವರು ಜೀವನ ಆ ಅಲ್ಪ ಕ್ರಿಯೆಯನ್ನು ‘ವ್ಯಾಜ’ ಎಂದು ಕರೆದರು. ವ್ಯಾಜವೆಂದರೆ ನೆಪ, ಕೃಪೆಗೆ ಅದು ಬೆಲೆಯಲ್ಲ, ಆದರೆ ಕೃಪೆ ಇಳಿಯಲು ಒಂದು ನಿಮಿತ್ತ. ಹೀಗೆ ಹೇಳಬೇಕಾದ ಕಾರಣವನ್ನೂ ಅವರು ವಿವರಿಸಿದರು: ಯಾವ ನಿಮಿತ್ತವೂ ಇಲ್ಲದೆ ಭಗವಂತನು ಒಬ್ಬನನ್ನು ಎತ್ತಿ ಇನ್ನೊಬ್ಬನನ್ನು ಬಿಟ್ಟರೆ ಅವನಿಗೆ ಪಕ್ಷಪಾತದ ದೋಷ ತಗುಲುತ್ತದೆ. ಹವ್ಯಾಸಿ ತಂಡದ ಹಾಜರಿ ನಿಯಮವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕೀಲಿಕೈ ಸಿಗಲಾರದು. ಪಲ್ಟಿ ಹೊಡೆಯಲು ಬಾರದ ಮಗುವನ್ನು ಹೊರಗಿಡದ ತಂಡವೂ ಅಭ್ಯಾಸಕ್ಕೆ ಬಾರದ ಮಗುವನ್ನು ಆ ವಾರದ ಸ್ಟಂಟಿಗೆ ಸೇರಿಸುವುದಿಲ್ಲ, ಏಕೆಂದರೆ ಒಬ್ಬಳು ಬಾರದಿದ್ದರೆ ಉಳಿದ ಮೂವರ ಕಲಿಕೆ ನಿಲ್ಲುತ್ತದೆ, ಎಣಿಕೆ ಮರೆತವಳಿಂದ ಇನ್ನೊಬ್ಬಳ ತಲೆಗೆ ಪೆಟ್ಟಾಗುತ್ತದೆ. ಬರುವುದು ಸಾಧನೆಯಲ್ಲ, ನಿಮಿತ್ತ. ಆದರೆ ಐದು ವರ್ಷದ ಮಗು ತಾನಾಗಿಯೇ ಬರುವುದಿಲ್ಲ. ಅಪ್ಪನ ಪಾಳಿ ಕೆಲಸವೋ ಅಮ್ಮನ ಕೆಟ್ಟುಹೋದ ಕಾರೋ ಅವಳನ್ನು ಮನೆಯಲ್ಲಿ ಉಳಿಸಿರಬಹುದು. ಆದುದರಿಂದ ನಿಯಮವನ್ನು ಇಟ್ಟವಳು ಮಕ್ಕಳನ್ನು ಕರೆತರುವ ವ್ಯವಸ್ಥೆಗೂ ಹೊಣೆಯಾಗದಿದ್ದರೆ, ದೇಶಿಕರು ತಪ್ಪಿಸಬಯಸಿದ ಪಕ್ಷಪಾತವೇ ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

ಎಲ್ಲರನ್ನೂ ಸೇರಿಸಿಕೊಂಡ ಮೇಲೂ ಯಾರು ಮೇಲೆ, ಯಾರು ಕೆಳಗೆ ಎಂಬುದು ಉಳಿಯುತ್ತದೆ. ಅತ್ಯಂತ ಸಣ್ಣ ಮೈಕಟ್ಟಿನವಳನ್ನು ಮೇಲಕ್ಕೂ ದಪ್ಪಗಿರುವವಳನ್ನು ಕೆಳಕ್ಕೂ ನಿಲ್ಲಿಸುವುದು ರೂಢಿ. ಭೌತಶಾಸ್ತ್ರದ ದೃಷ್ಟಿಯಿಂದ ಅದು ಸರಿಯಾಗಿ ಕಂಡರೂ ಹತ್ತು ವರ್ಷದ ಹುಡುಗಿಯ ಮನಸ್ಸಿನಲ್ಲಿ ಅದು ಬೇರೆಯೇ ಪಾಠವಾಗಿ ಇಳಿಯುತ್ತದೆ. ಮನುಷ್ಯನನ್ನು ಎಂದಿಗೂ ಕೇವಲ ಸಾಧನವಾಗಿ ಬಳಸದೆ ಗುರಿಯಾಗಿಯೂ ಕಾಣಬೇಕೆಂದು ಇಮಾನ್ಯುಯೆಲ್ ಕಾಂಟ್ ಹೇಳಿದ ತತ್ತ್ವಕ್ಕೆ ಇಷ್ಟು ಅಕ್ಷರಶಃ ಒದಗುವ ಸನ್ನಿವೇಶ ಬೇರೆ ಕಡೆ ಕಾಣುವುದು ಕಷ್ಟ, ಏಕೆಂದರೆ ಇಲ್ಲಿ ಒಂದು ಮಗುವಿನ ದೇಹ ಇನ್ನೊಂದು ಮಗುವಿಗೆ ನಿಜವಾಗಿಯೂ ಮೆಟ್ಟಿಲಾಗುತ್ತದೆ. ‘ಕೇವಲ’ ಎಂಬ ಪದದಲ್ಲಿಯೇ ಕಾಂಟನ ಉತ್ತರವಿದೆ: ಬೇಸ್ ಆಗಿ ನಿಂತವಳು ತಿಳಿದು, ಒಪ್ಪಿ, ಆ ಕೌಶಲವನ್ನು ತನ್ನದಾಗಿಸಿಕೊಂಡು ನಿಂತಿದ್ದರೆ ಅವಳು ಸಾಧನ ಮಾತ್ರವಲ್ಲ. ಚಿಕ್ಕ ಮಕ್ಕಳಿಗೆ ಸಲ್ಲುವ ತೊಡೆ ಮಟ್ಟದ ಸ್ಟಂಟುಗಳಲ್ಲಿ ಬಹುತೇಕ ಯಾರು ಬೇಕಾದರೂ ಮೇಲೆ ನಿಲ್ಲಬಹುದು. ಅಲ್ಲಿ ಸ್ಥಾನಗಳನ್ನು ಸರದಿಯಂತೆ ಬದಲಿಸದೆ ಇರುವುದಕ್ಕೆ ಅಂದದ ಆಸೆಯನ್ನು ಬಿಟ್ಟರೆ ಬೇರೆ ಕಾರಣವಿಲ್ಲ, ಆ ಕಾರಣವು ಸಾಲದು.

ತರಬೇತುದಾರ್ತಿ ಸ್ವತಃ ಚಿಕ್ಕವಳಾಗಿರುವುದು ಇನ್ನೊಂದು ಕಠಿಣ ವಿಷಯ. ತಂಡದ ಹಿರಿಯ ಮಕ್ಕಳಿಗಿಂತ ಏಳೆಂಟು ವರ್ಷ ದೊಡ್ಡವಳಾದ, ನಿನ್ನೆಮೊನ್ನೆಯವರೆಗೆ ಪ್ರೌಢಶಾಲೆಯ ತಂಡದಲ್ಲಿದ್ದವಳ ಕೈಗೆ ಅಪರಿಚಿತರು ತಮ್ಮ ಮಕ್ಕಳ ಕೊರಳು ಬೆನ್ನೆಲುಬುಗಳನ್ನು ಒಪ್ಪಿಸುತ್ತಾರೆ. ತತ್ತ್ವಜ್ಞೆ ಆನೆಟ್ ಬೈಯರ್ 1986ರ ಒಂದು ಪ್ರಸಿದ್ಧ ಪ್ರಬಂಧದಲ್ಲಿ, ನಂಬಿಕೆ ಎಂದರೆ ಇನ್ನೊಬ್ಬರು ನಮಗೆ ಕೇಡು ಮಾಡಬಲ್ಲರೆಂದು ತಿಳಿದೂ ಮಾಡಲಾರರೆಂದು ಭರವಸೆಯಿಟ್ಟು, ಆ ಅಪಾಯಕ್ಕೆ ಒಡ್ಡಿಕೊಳ್ಳುವುದು ಎಂಬರ್ಥದ ವಿವರಣೆ ಕೊಟ್ಟಳು. ಸಮಾನರು ಮಾಡಿಕೊಳ್ಳುವ ಒಪ್ಪಂದವನ್ನೇ ನೀತಿಯ ಮಾದರಿಯಾಗಿಟ್ಟುಕೊಂಡ ತತ್ತ್ವಶಾಸ್ತ್ರವು ಮಕ್ಕಳ ನಂಬಿಕೆಯನ್ನು ಮರೆತಿದೆ ಎಂಬುದು ಅವಳ ಆಕ್ಷೇಪ. ಹಾನ್ಸ್ ಯೋನಾಸ್ 1979ರಲ್ಲಿ ಹೊಣೆಗಾರಿಕೆಯ ಮೂಲಮಾದರಿ ಹಸುಗೂಸೇ ಎಂದು ಬರೆದದ್ದು ಇದರ ಪಕ್ಕಕ್ಕೆ ನಿಲ್ಲುವ ಮಾತು: ಅಸಹಾಯಕವಾದ ಜೀವ ಎದುರಿಗಿರುವುದೇ ಆಜ್ಞೆ, ಅದಕ್ಕೆ ಬೇರೆ ಒಪ್ಪಂದ ಬೇಕಿಲ್ಲ. ಈ ದೃಷ್ಟಿಯಿಂದ ನೋಡಿದರೆ ಕೆಲಸ ಆರಂಭಿಸುವ ಮುನ್ನ ಪೂರೈಸಬೇಕಾದ ಸಂಗತಿಗಳು, ಅಂದರೆ ಹಿನ್ನೆಲೆ ಪರಿಶೀಲನೆ, ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ತರಬೇತಿ, ತಲೆಗೆ ಪೆಟ್ಟಾದಾಗಿನ ಲಕ್ಷಣಗಳ ತಿಳಿವಳಿಕೆ, ವಿಮೆ, ಬರಿಯ ಕಾಗದದ ಗೋಳಾಗಿ ಉಳಿಯುವುದಿಲ್ಲ. ಅಮೆರಿಕದಲ್ಲಿ ಜಿಮ್ನಾಸ್ಟಿಕ್ಸ್ ಕ್ಷೇತ್ರದ ಲೈಂಗಿಕ ದೌರ್ಜನ್ಯಗಳು ಬಯಲಾದ ಮೇಲೆ 2018ರಲ್ಲಿ ಜಾರಿಗೆ ಬಂದ ಕ್ರೀಡಾ ಸುರಕ್ಷತೆಯ ಕಾಯಿದೆಯ ಹಿನ್ನೆಲೆಯಲ್ಲಿ, ವಯಸ್ಕರೊಬ್ಬರು ಮಗುವಿನೊಂದಿಗೆ ಒಂಟಿಯಾಗಿ ಇರುವ ಯಾವ ಸಂದರ್ಭವೂ ಇತರರ ಕಣ್ಣಿಗೆ ಬೀಳುವಂತಿರಬೇಕು ಮತ್ತು ಇತರರು ಬಂದು ನಿಲ್ಲಿಸಲು ಸಾಧ್ಯವಾಗುವಂತಿರಬೇಕು ಎಂಬ ನಿಯಮ ರೂಢಿಗೆ ಬಂದಿದೆ. ಮನಸ್ಸು ನಿರ್ಮಲವಾಗಿರುವ ತರುಣಿಗೆ ಇದು ಅವಮಾನವೆನಿಸುವುದು ಸಹಜ. ಆದರೆ ನಂಬಿಕೆಯನ್ನು ಬೇಡುವವರು ಪರೀಕ್ಷೆಗೆ ತೆರೆದುಕೊಂಡಿರಬೇಕೆಂಬುದು ಸಂಶಯದ ಮಾತಲ್ಲ; ಮಗುವಿಗೆ ಕೃಪೆ ಮೊದಲು ಸಲ್ಲುವುದಾದರೆ ದೊಡ್ಡವರಿಗೆ ಅರ್ಹತೆಯೇ ಮೊದಲು ಬರಬೇಕು, ಈ ಅಸಮತೆ ನ್ಯಾಯವಾದುದು. ಸ್ಟಂಟಿನಲ್ಲಿ ಕೆಳಗಿನ ಹಂತ ಗಟ್ಟಿಯಾಗದೆ ಮೇಲಿನ ಹಂತಕ್ಕೆ ಹೋಗಬಾರದೆಂಬ ಕ್ರಮವೂ ಇಂಥದೇ ಪರೀಕ್ಷೆ, ಅಲ್ಲಿ ತರಬೇತುದಾರ್ತಿಯ ಉತ್ಸಾಹಕ್ಕಿಂತ ಮಗುವಿನ ತಲೆಯೇ ದೊಡ್ಡದು.

ಇಂಥ ತಂಡಗಳಲ್ಲಿ ಹಲವು ಚರ್ಚಿನ ಆಶ್ರಯದಲ್ಲಿಯೇ ನಡೆಯುತ್ತವೆ. 1891ರಲ್ಲಿ ವೈಎಂಸಿಎಯ ಲೂಥರ್ ಗುಲಿಕ್ ದೇಹ, ಮನಸ್ಸು, ಆತ್ಮ ಎಂಬ ಮೂರು ಬದಿಗಳ ತ್ರಿಕೋನವನ್ನು ರೂಪಿಸಿದಾಗಿನಿಂದ ಅಮೆರಿಕದ ಸಮುದಾಯ ಕ್ರೀಡೆಗೆ ಕ್ರೈಸ್ತ ಬೇರು ಉಂಟು. ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದ ಅಪ್‌ವರ್ಡ್ ಸ್ಪೋರ್ಟ್ಸ್ ಸಂಸ್ಥೆ ಚರ್ಚುಗಳ ಮೂಲಕ ಮಕ್ಕಳ ಬ್ಯಾಸ್ಕೆಟ್‌ಬಾಲ್ ಜೊತೆಗೆ ಚಿಯರ್‌ಲೀಡಿಂಗನ್ನೂ ನಡೆಸಿಕೊಂಡು ಬಂದಿದೆ. ಅಲ್ಲಿ ಪ್ರಾರ್ಥನೆ ಸಹಜ. ಸರ್ಕಾರಿ ಶಾಲೆಯ ಮೈದಾನದಲ್ಲಿ ಅದು ವಿವಾದ: 2000ದಲ್ಲಿ ಟೆಕ್ಸಾಸಿನ ಸಾಂಟಾ ಫೆ ಪ್ರಕರಣದಲ್ಲಿ ಪಂದ್ಯಕ್ಕೆ ಮುಂಚಿನ ಧ್ವನಿವರ್ಧಕದ ಪ್ರಾರ್ಥನೆಯನ್ನು ಸುಪ್ರೀಂ ಕೋರ್ಟ್ ಅಸಿಂಧುಗೊಳಿಸಿತು, 2022ರ ಬ್ರೆಮರ್ಟನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಪಂದ್ಯ ಮುಗಿದ ಮೇಲೆ ಮೈದಾನದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದ ತರಬೇತುದಾರನ ಹಕ್ಕನ್ನು ಎತ್ತಿಹಿಡಿಯಿತು. ಕಾನೂನು ಏನೇ ಹೇಳಲಿ, ಹಿಂದೂ, ಮುಸ್ಲಿಂ, ನಾಸ್ತಿಕ ಮನೆಗಳ ಮಕ್ಕಳೂ ಕೂಡಿರುವ ತಂಡದಲ್ಲಿ ತರಬೇತುದಾರ್ತಿ ಕೈ ಮುಗಿದರೆ, ಅವಳ ಮೆಚ್ಚುಗೆಗಾಗಿ ಮಕ್ಕಳೂ ಮುಗಿಯುತ್ತಾರೆ. ಆ ಕ್ಷಣದಲ್ಲಿ ಮೆಚ್ಚುಗೆಗೆ ಬೆಲೆ ಕಟ್ಟಿದಂತಾಗುತ್ತದೆ. ಯಾರನ್ನೂ ಹೊರಗಿಡದ ನೋಂದಣಿಯೇ ಒಂದು ಕೃಪೆಯ ಬೋಧೆ. ಅದಕ್ಕೆ ಮಾತಿನ ಉಪದೇಶ ಸೇರಿಸಬೇಕಿಲ್ಲ.

ಜಯಕಾರದ ಇನ್ನೊಂದು ಮುಖವನ್ನು ಬೌದ್ಧರು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದರು. ಮೈತ್ರಿ, ಕರುಣೆ, ಮುದಿತಾ, ಉಪೇಕ್ಷೆ ಎಂಬ ನಾಲ್ಕು ಭಾವನೆಗಳಲ್ಲಿ ಮುದಿತಾ ಎಂದರೆ ಇತರರ ಏಳಿಗೆಯಲ್ಲಿ ಪಡುವ ಸಂತೋಷ. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿಯೂ ಇವು ಬರುತ್ತವೆ, ಆದರೆ ಅಲ್ಲಿ ಮುದಿತಾ ಸಲ್ಲುವುದು ಪುಣ್ಯವಂತರಿಗೆ, ಅಂದರೆ ಅರ್ಹತೆ ಮತ್ತೆ ಇಣುಕುತ್ತದೆ. ಐದನೆಯ ಶತಮಾನದ ಬುದ್ಧಘೋಷನು ವಿಶುದ್ಧಿಮಗ್ಗದಲ್ಲಿ ಪ್ರತಿಯೊಂದು ಭಾವನೆಗೂ ದೂರದ ಶತ್ರು, ಹತ್ತಿರದ ಶತ್ರು ಎಂದು ಎರಡೆರಡನ್ನು ಗುರುತಿಸುತ್ತಾನೆ. ಮುದಿತಾಕ್ಕೆ ದೂರದ ಶತ್ರು ಬೇಸರ. ಹತ್ತಿರದ ಶತ್ರು ಮನೆಮಠದ ಮಮತೆಯಿಂದ ಹುಟ್ಟುವ ಸಂತೋಷ, ಅಂದರೆ ಮುದಿತಾದಂತೆಯೇ ಕಾಣುವ, ಆದರೆ ತನ್ನದು ಎಂಬುದಕ್ಕೆ ಅಂಟಿಕೊಂಡ ಹರ್ಷ. ಮೈದಾನದ ಅಂಚಿನ ಬೆಂಚುಗಳಲ್ಲಿ ಕುಳಿತ ತಂದೆತಾಯಂದಿರ ಕೂಗಿನಲ್ಲಿ ಇದನ್ನು ಕೇಳಬಹುದು: ತಮ್ಮ ಮಗಳು ಮುಂದಿನ ಸಾಲಿನಲ್ಲಿದ್ದಾಗ ಮೊಳಗುವ ದನಿ, ಅವಳನ್ನು ಹಿಂದಿನ ಸಾಲಿಗೆ ಕಳಿಸಿದ ವಾರ ದೂರಿನ ಪತ್ರವಾಗಿ ತರಬೇತುದಾರ್ತಿಗೆ ಬರುತ್ತದೆ. ಆ ಮಮತೆಯನ್ನು ತೆಗಳಬೇಕಿಲ್ಲ, ಅದಿಲ್ಲದೆ ಯಾವ ಮಗುವೂ ಅಭ್ಯಾಸಕ್ಕೆ ಬರುತ್ತಿರಲಿಲ್ಲ. ಆದರೆ ಎದುರು ತಂಡದ ಹುಡುಗ ಗಾಯಗೊಂಡು ಬಿದ್ದಾಗ ಮಂಡಿಯೂರಿ ಕಾದು, ಎದ್ದೊಡನೆ ಚಪ್ಪಾಳೆ ತಟ್ಟುವ ರೂಢಿಯನ್ನು ಕಲಿತ ಮಕ್ಕಳು, ಆ ಹತ್ತಿರದ ಶತ್ರುವಿನಿಂದ ತಮ್ಮ ಹೆತ್ತವರಿಗಿಂತ ಒಂದು ಹೆಜ್ಜೆ ದೂರ ಬಂದಿರುತ್ತಾರೆ.

ತಂಡ ಎರಡು ಋತು ಬಾಳಿದರೆ ಸ್ಪರ್ಧೆಯ ಒತ್ತಡ ಬರುತ್ತದೆ. ಚುರುಕಾದ ಮಕ್ಕಳ ಹೆತ್ತವರು ಪ್ರತ್ಯೇಕ ತಂಡ ಕೇಳುತ್ತಾರೆ, ಅದಕ್ಕೆ ಆಯ್ಕೆ ಬೇಕಾಗುತ್ತದೆ. ಮಕ್ಕಳ ಫುಟ್‌ಬಾಲ್ ಮತ್ತು ಚಿಯರ್‌ಲೀಡಿಂಗ್ ನಡೆಸುವ ಪಾಪ್ ವಾರ್ನರ್‌ನಂಥ ಹಳೆಯ ಸಂಸ್ಥೆಯೂ ಶಾಲೆಯ ಓದಿನಲ್ಲಿ ಕನಿಷ್ಠ ಮಟ್ಟವನ್ನು ಕಡ್ಡಾಯವಾಗಿಸಿ ಅರ್ಹತೆಗೆ ಒಂದು ಬಾಗಿಲನ್ನು ತೆರೆದಿಟ್ಟಿದೆ. ಸ್ಪರ್ಧೆಯನ್ನು ಪೂರ್ತಿಯಾಗಿ ನಿರಾಕರಿಸುವುದು ಪ್ರತಿಭೆಯುಳ್ಳ ಮಗುವಿಗೆ ಅನ್ಯಾಯ. ಆ ಮಗುವೂ ತನ್ನ ಬಿಗಿತದ ಪಾಲನ್ನು ಪೂರ್ತಿ ಕಲಿಯಬೇಕಾದವಳೇ. ಆದುದರಿಂದ ಎರಡು ತಂಡಗಳು ಅನಿವಾರ್ಯವಾಗಬಹುದು. ಹಾಗಾದಾಗ ಸಾಮಾನ್ಯವಾಗಿ ನಡೆಯುವುದೆಂದರೆ, ಅನುಭವಿ ತರಬೇತುದಾರ್ತಿ, ಒಳ್ಳೆಯ ಮ್ಯಾಟುಗಳು, ಸಂಜೆಯ ಅನುಕೂಲದ ಹೊತ್ತು ಎಲ್ಲವೂ ಆಯ್ಕೆಯಾದವರ ಪಾಲಿಗೆ ಹೋಗಿ, ಉಳಿದವರಿಗೆ ಉಳಿದದ್ದು ಸಿಗುತ್ತದೆ. ಈ ಕ್ರಮವನ್ನು ತಿರುಗಿಸಬೇಕು: ಆಯ್ಕೆಯಾದ ಮಗುವಿಗೆ ಶಾಲೆಯ ತಂಡದಲ್ಲಿ, ಖಾಸಗಿ ಜಿಮ್ಮಿನಲ್ಲಿ, ಪದಕದಲ್ಲಿ ಮೆಚ್ಚುಗೆ ದೊರೆಯುವ ದಾರಿಗಳು ಹಲವು, ಆಯ್ಕೆಯಾಗದ ಮಗುವಿಗಾಗಿ ಎದ್ದು ನಿಂತು ಕೂಗುವ ಸ್ಥಳ ಊರಿನಲ್ಲಿ ಬಹುಶಃ ಇದೊಂದೇ, ಆದುದರಿಂದ ಭವನದ ಮೊದಲ ಹೊತ್ತು, ದಪ್ಪನೆಯ ಮ್ಯಾಟು ಮತ್ತು ಹೆಚ್ಚು ಬಲ್ಲ ತರಬೇತುದಾರ್ತಿ ಅವಳಿಗೇ ಸಲ್ಲತಕ್ಕದ್ದು.